ಲಟಕ್ ಎಂದರೆ ವಾಸಿಯಾಯಿತೇ?

ಮಾನ್ಯ ಸಂಪಾದಕರೇ,

ಬೆನ್ನನ್ನು ‘ಲಟಕ್’ ಎನ್ನಿಸುವ ಕೈರೋಪ್ರ್ಯಾಕ್ಟಿಕ್ (ಬೆನ್ನೆಲುಬಿನ ಕೀಲುಗಳನ್ನು ಕೈಯಿಂದ ಒತ್ತಿ, ತಿರುಚಿ ಮಾಡುವ ಚಿಕಿತ್ಸೆ) ವಿಡಿಯೊಗಳು ಮೊಬೈಲ್ ತುಂಬ ಹರಿದಾಡುತ್ತಿವೆ. ಆ ಸದ್ದು ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆ ಉಂಟಾಗುವುದರಿಂದ ಬರುವಂಥದ್ದು. ಜರುಗಿದ ಮೂಳೆ ಕೂತಿತು ಎಂದಲ್ಲ. ದೀರ್ಘಕಾಲದ ಸೊಂಟನೋವಿಗೆ ಈ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಷರತ್ತಿನೊಂದಿಗೆ ಒಪ್ಪುತ್ತದೆ, ವ್ಯಾಯಾಮವನ್ನೂ ಹೇಳುತ್ತದೆ. ನಮ್ಮಲ್ಲಿ ಧಾರಾಳವಾಗಿ ಬರೆದುಕೊಡುವ ಸೊಂಟದ ಬೆಲ್ಟ್, ಬೆನ್ನನ್ನು ಎಳೆದು ಹಿಡಿಯುವ ಟ್ರಾಕ್ಷನ್‌ಗಳನ್ನು ವಾಡಿಕೆಯಾಗಿ ಬಳಸಬೇಡಿ ಎಂದಿದೆ!

ಪುನಶ್ಚೇತನ ತಂಡದಲ್ಲಿ ಕೈರೋಪ್ರ್ಯಾಕ್ಟರ್‌ಗೂ ಜಾಗವಿರಲಿ, ಆದರೆ ಕೈಹಚ್ಚುವ ಮೊದಲು ತಪಾಸಣೆಯಾಗಲಿ. ಸೊಂಟನೋವಿನ ಜತೆ ಮೂತ್ರ ಕಟ್ಟಿದ್ದರೆ, ತೊಡೆಸಂದಿ ಜೋಮು ಹಿಡಿದಿದ್ದರೆ ತಕ್ಷಣ ಆಸ್ಪತ್ರೆಗೆ ಕಳಿಸಬೇಕು. ಆಸ್ಟಿಯೊಪೊರೋಸಿಸ್ (ಮೂಳೆ ಟೊಳ್ಳಾಗಿ ದುರ್ಬಲವಾಗುವ ರೋಗ) ಇದ್ದವರ ಬೆನ್ನು ಒತ್ತಿದರೆ ಮೂಳೆ ಮುರಿಯಬಹುದು. ಕುತ್ತಿಗೆಯನ್ನು ರಪ್ಪನೆ ತಿರುಚಿದ ಮೇಲೆ, ಅಪರೂಪಕ್ಕಾದರೂ, ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಹೊಡೆದ ಪ್ರಕರಣಗಳು ವರದಿಯಾಗಿವೆ. ಹಾಗಾಗಿ ಕುತ್ತಿಗೆಗೆ ಕೈಹಾಕುವ ಮುನ್ನ ರೋಗಿಗೆ ಅಪಾಯ ವಿವರಿಸಿ ಲಿಖಿತ ಒಪ್ಪಿಗೆ ಪಡೆಯುವುದನ್ನು ಆರೋಗ್ಯ ಇಲಾಖೆ ಕಡ್ಡಾಯ ಮಾಡಲಿ.

– ಪುನಶ್ಚೇತನ ಚಿಕಿತ್ಸಕರು, ಬೆಂಗಳೂರು