ನನ್ನ ಮೆಚ್ಚಿನ ಜಾಲತಾಣಗಳು: ಗೆಳೆಯನಿಗೊಂದು ಪತ್ರ

ಪ್ರಿಯ ಶ್ರೀಧರ,

ನಮಸ್ಕಾರ. ವಿನ್ಯಾಸ ಸಂಸ್ಥೆಯೊಂದನ್ನು ನಡೆಸುವ ನನಗೆ ಯಾವ ಜಾಲತಾಣಗಳು ಮೆಚ್ಚಿಗೆಯಾಗಿವೆ, ನಿನ್ನ ಕಲಾಶಾಲೆಯ ಅಂತಿಮ ವರ್ಷದ ಮಕ್ಕಳಿಗೆ ಯಾವುದನ್ನು ತೋರಿಸಬಹುದು ಎಂದು ಕೇಳಿದ್ದೀಯೆ. ಬರಿಯ ಹೆಸರುಗಳನ್ನು ಬರೆದು ಕಳಿಸಿದರೆ ಅವರಿಗೆ ಹೆಚ್ಚೇನೂ ಉಪಯೋಗವಾಗದು. ಆದ್ದರಿಂದ ಮೆಚ್ಚಿದ್ದೇಕೆ ಎಂಬುದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ವಿನ್ಯಾಸಕರು ತಮ್ಮ ಕೆಲಸವನ್ನು ಪ್ರದರ್ಶಿಸುವ ಬಿಹಾನ್ಸ್, ಡ್ರಿಬಲ್‌ಗಳನ್ನು ಅವರು ಈಗಾಗಲೇ ನೋಡುತ್ತಿರುತ್ತಾರೆ. ನೋಡಲಿ, ಕಣ್ಣು ಪಳಗುತ್ತದೆ. ಆದರೆ ಅಲ್ಲಿ ಕಾಣುವುದು ಸಿದ್ಧಗೊಂಡ ಚಿತ್ರವೇ ಹೊರತು, ಅವಸರದಲ್ಲಿರುವ ಮನುಷ್ಯನೊಬ್ಬ ಆ ಪುಟವನ್ನು ಬಳಸಲು ಹೊರಟಾಗ ಏನಾಗುತ್ತದೆ ಎಂಬುದಲ್ಲ. ನಮ್ಮಲ್ಲಿಗೆ ಕೆಲಸ ಕೇಳಿಕೊಂಡು ಬರುವ ತರುಣರಲ್ಲಿ ನಾನು ಹುಡುಕುವುದು ಈ ಎರಡನೆಯದರ ತಿಳಿವಳಿಕೆಯನ್ನು.

ಅದನ್ನು ಕಲಿಯಲು ನನಗೆ ತಿಳಿದ ಅತ್ಯುತ್ತಮ ಜಾಗವೆಂದರೆ ಬ್ರಿಟನ್ ಸರ್ಕಾರದ ಗವ್ ಡಾಟ್ ಯುಕೆ. ಬೇರೆ ಬೇರೆ ಇಲಾಖೆಗಳ ತಾಣಗಳಲ್ಲಿ ಹರಡಿಕೊಂಡಿದ್ದ ಮಾಹಿತಿಯನ್ನೆಲ್ಲ ಒಂದೆಡೆ ತರಲು 2012ರ ಅಕ್ಟೋಬರ್‌ನಲ್ಲಿ ಇದನ್ನು ಆರಂಭಿಸಿದರು. ಮರುವರ್ಷವೇ ಲಂಡನ್ನಿನ ಡಿಸೈನ್ ಮ್ಯೂಸಿಯಂ ಇದಕ್ಕೆ ವರ್ಷದ ಅತ್ಯುತ್ತಮ ವಿನ್ಯಾಸವೆಂಬ ಪ್ರಶಸ್ತಿ ನೀಡಿತು. ನಿನ್ನ ವಿದ್ಯಾರ್ಥಿಗಳು ತೆರೆದೊಡನೆ, ಇದರಲ್ಲಿ ನೋಡುವುದೇನಿದೆ ಎಂದಾರು. ಅವರನ್ನು ಸಾರ್ವಜನಿಕ ರಜಾದಿನಗಳ ಪುಟಕ್ಕೆ ಕಳಿಸು. ಮುಂದಿನ ರಜೆ ಯಾವಾಗ ಎಂಬ ಪ್ರಶ್ನೆಗೆ ಉತ್ತರ ಪುಟದ ಮೇಲ್ಭಾಗದಲ್ಲೇ, ಹಸಿರು ಹಿನ್ನೆಲೆಯ ಮೇಲೆ ದೊಡ್ಡ ಅಕ್ಷರಗಳಲ್ಲಿದೆ. ವರ್ಷದ ಉಳಿದ ರಜೆಗಳು ಅದರ ಕೆಳಗೆ ಬರುತ್ತವೆ. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡಿನವರ ರಜೆಗಳು ಬೇರೆಯಾಗಿರುವುದರಿಂದ ಅವರಿಗೆ ಪ್ರತ್ಯೇಕ ವಿಭಾಗಗಳಿವೆ. ಹಲವು ರಜೆಗಳ ದಿನ ಅದೇ ಪುಟದಲ್ಲಿ ಬಣ್ಣದ ಪತಾಕೆಗಳ ತೋರಣವೊಂದು ಕಾಣಿಸಿಕೊಳ್ಳುತ್ತದೆ. ಇಡೀ ತಾಣದಲ್ಲಿ ಅಲಂಕಾರ ತೀರಾ ವಿರಳವಾದ್ದರಿಂದಲೇ ಆ ತೋರಣ ಮನಸ್ಸಿಗೆ ಹಿತವೆನಿಸುತ್ತದೆ.

ಅಲ್ಲಿನ ಅರ್ಜಿಗಳನ್ನೂ ಅವರು ಗಮನಿಸಬೇಕು. ಸಾಧ್ಯವಾದಲ್ಲೆಲ್ಲ ಒಂದು ಪುಟಕ್ಕೆ ಒಂದೇ ಪ್ರಶ್ನೆ ಕೇಳುತ್ತಾರೆ. ತುಂಬುವಾಗ ತಪ್ಪಾದರೆ, ಎಲ್ಲಿ ತಪ್ಪಿದೆ, ಸರಿಪಡಿಸುವುದು ಹೇಗೆ ಎಂಬುದನ್ನು ಪುಟದ ಮೇಲ್ಭಾಗದಲ್ಲೂ ಆ ಪ್ರಶ್ನೆಯ ಪಕ್ಕದಲ್ಲೂ ಹೇಳುತ್ತಾರೆ. ಅಕ್ಷರವಿನ್ಯಾಸ ಕೂಡ ಹಾಗೆಯೇ ಯೋಚಿಸಿ ಆರಿಸಿದ್ದು: ಜಾಕ್ ಕಿನ್ನೀರ್ ಮತ್ತು ಮಾರ್ಗರೆಟ್ ಕಾಲ್ವರ್ಟ್ ಬ್ರಿಟನ್ನಿನ ರಸ್ತೆಫಲಕಗಳಿಗಾಗಿ ರೂಪಿಸಿದ ಅಕ್ಷರಗಳನ್ನು ಆಧರಿಸಿ ಇದನ್ನು ಮಾಡಿದ್ದಾರೆ. ವೇಗವಾಗಿ ಹೋಗುವ ವಾಹನದಿಂದ ಓದಲೆಂದು ಹುಟ್ಟಿದ ಅಕ್ಷರ, ಪಿಂಚಣಿಯ ವಿವರ ಹುಡುಕುವ ವೃದ್ಧರಿಗೂ ಒದಗಿಬಂದಿದೆ. ಸರಳವಾಗಿಸುವುದಕ್ಕೆ ಬೇಕಾದ ಕಷ್ಟದ ಕೆಲಸವನ್ನು ನಾವೇ ಮಾಡಬೇಕು ಎನ್ನುವುದು ಅವರು ಪ್ರಕಟಿಸಿರುವ ವಿನ್ಯಾಸ ತತ್ತ್ವಗಳಲ್ಲಿ ಒಂದು. ಪುಟದ ಘಟಕಗಳನ್ನೂ ಅವುಗಳ ಕೋಡನ್ನೂ ಮುಕ್ತವಾಗಿ ಇಟ್ಟಿರುವುದರಿಂದ, ಮಕ್ಕಳು ನೋಡಿ ಸುಮ್ಮನಾಗದೆ ಬಿಚ್ಚಿ ಪರೀಕ್ಷಿಸಲೂಬಹುದು.

ಕೆಲಸದ ದಿನಗಳಲ್ಲಿ ನಾನು ಅತಿ ಹೆಚ್ಚು ತೆರೆಯುವುದು ಫಾಂಟುಗಳ, ಅಂದರೆ ಅಕ್ಷರರೂಪಗಳ, ಸಂಗ್ರಹವಾದ ಗೂಗಲ್ ಫಾಂಟ್ಸ್. ಕನ್ನಡದಲ್ಲಿ ವಿನ್ಯಾಸ ಮಾಡುವವರಿಗೆ ಅದು ದೊಡ್ಡ ಆಸರೆ. ಓದುವ ಪಠ್ಯಕ್ಕೆ ನೋಟೊ ಸಾನ್ಸ್ ಕನ್ನಡ, ಪುಸ್ತಕದ ಗಾಂಭೀರ್ಯ ಬೇಕಾದಲ್ಲಿ ಟಿರೊ ಕನ್ನಡ, ದಪ್ಪ ಶೀರ್ಷಿಕೆಗೆ ಏಕ್ ಟೈಪ್ ಬಳಗದ ಬಲೂ ತಮ್ಮ, ಕೈಬರಹದ ಲಯ ಬೇಕೆಂದಾಗ ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ಅಕಾಯ ಕನ್ನಡಕ, ಎಲ್ಲವೂ ಅಲ್ಲಿ ಉಚಿತವಾಗಿ ಸಿಗುತ್ತವೆ. ಮಾದರಿ ಪಠ್ಯದ ಪೆಟ್ಟಿಗೆಯಲ್ಲಿ ‘ರಾಷ್ಟ್ರೀಯ’, ‘ಸ್ವಾತಂತ್ರ್ಯ’, ‘ವೈಶಿಷ್ಟ್ಯ’ ಎಂದು ಬರೆದು ಎಲ್ಲ ಫಾಂಟುಗಳಲ್ಲೂ ನೋಡುವಂತೆ ಹೇಳು. ಒತ್ತಕ್ಷರದ ಕೆಳಗೆ ಇನ್ನೊಂದು ಒತ್ತಕ್ಷರ ಬಂದಾಗ ಒಂದು ಫಾಂಟು ಅದನ್ನು ಪಕ್ಕಕ್ಕೆ ಸರಿಸುತ್ತದೆ, ಮತ್ತೊಂದು ಕುಗ್ಗಿಸುತ್ತದೆ. ಇಂಗ್ಲಿಷಿನ ಅಳತೆಗೆ ಮಾಡಿದ ಬಟನ್ನಿನೊಳಗೆ ಇಂಥ ಪದವನ್ನಿಟ್ಟರೆ ಬುಡವೇ ಕತ್ತರಿಸಿಹೋಗುತ್ತದೆ, ಸಾಲುಗಳನ್ನು ಒತ್ತಾಗಿ ಕೂರಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಮ್ಮ ಸಂಸ್ಥೆಯಲ್ಲಿ ಕನ್ನಡದ ಪುಟಕ್ಕೆ ಇಂಗ್ಲಿಷಿನದಕ್ಕಿಂತ ಹೆಚ್ಚು ಸಾಲಂತರ ಕೊಡುವುದು ಕಡ್ಡಾಯ. ಕನ್ನಡವನ್ನು ಕೊನೆಯಲ್ಲಿ ಅನುವಾದಿಸಿ ಸೇರಿಸಿದರಾಯಿತು ಎನ್ನುವ ಕ್ಲೈಂಟುಗಳಿಗೆ ಈ ತಾಣವನ್ನೇ ತೆರೆದು ತೋರಿಸುತ್ತೇನೆ.

ನಮ್ಮವರೇ ಕಟ್ಟಿದ ಎರಡು ತಾಣಗಳ ವಿಷಯದಲ್ಲಿ ನನಗೆ ವಿಶೇಷ ಅಭಿಮಾನವಿದೆ. ವಿ. ಕೃಷ್ಣ ಅವರು ದಶಕಗಳ ಕಾಲ ಏಕಾಂಗಿಯಾಗಿ ಸಿದ್ಧಪಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ ತಾಣದಲ್ಲಿ ಮುಕ್ತವಾಗಿ ದೊರೆಯುತ್ತದೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿರುವ ಅಂಥ ಭಂಡಾರದ ಮುಖಪುಟದಲ್ಲಿ ಹುಡುಕುವ ಪೆಟ್ಟಿಗೆಯೇ ಪ್ರಧಾನ. ಉಚ್ಚಾರಣೆಯ ಹೋಲಿಕೆಯಿಂದಲೂ ಪದವನ್ನು ಹುಡುಕಿಕೊಡುವುದರಿಂದ, ಕಾಗುಣಿತದಲ್ಲಿ ಅನುಮಾನವಿರುವವರೂ ಬರಿಗೈಯಲ್ಲಿ ಮರಳಬೇಕಿಲ್ಲ. ಇನ್ನೊಂದು ‘ವಚನ ಸಂಚಯ’. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳಲ್ಲಿ ಒಂದು ಪದವನ್ನು ಯಾರು ಯಾರು ಎಲ್ಲೆಲ್ಲಿ ಬಳಸಿದ್ದಾರೆಂಬುದನ್ನು ಅಲ್ಲಿ ಕಾಣಬಹುದು. ‘ದೀಪ’ ಎಂದು ಕೊಟ್ಟು ನೋಡು, ಸಂಜೆ ಕಳೆದದ್ದೇ ತಿಳಿಯುವುದಿಲ್ಲ. ಪಠ್ಯವೆಲ್ಲ ಯುನಿಕೋಡಿನಲ್ಲಿ, ಅಂದರೆ ಕಂಪ್ಯೂಟರು ಅಕ್ಷರವೆಂದೇ ಗುರುತಿಸುವ ಸಂಕೇತಗಳಲ್ಲಿ, ಇರುವುದರಿಂದ ಇದು ಸಾಧ್ಯವಾಗಿದೆ. ಕನ್ನಡವನ್ನು ಚಿತ್ರವಾಗಿಸಿ ಪುಟಕ್ಕೆ ಅಂಟಿಸುವ ತಾಣಗಳಲ್ಲಿ ಪದ ಹುಡುಕಲಾಗದು, ದೃಷ್ಟಿದೋಷವಿರುವವರ ಫೋನು ಅದನ್ನು ಓದಿ ಹೇಳಲಾರದು. ವಿನ್ಯಾಸಕರು ಇದನ್ನು ಮೊದಲ ದಿನವೇ ತಿಳಿದಿರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೆರಡನ್ನು ಚುಟುಕಾಗಿ ಹೇಳುತ್ತೇನೆ. 2003ರಲ್ಲಿ ಡೇವ್ ಶೇ ಆರಂಭಿಸಿದ ಸಿಎಸ್‌ಎಸ್ ಝೆನ್ ಗಾರ್ಡನ್ ಹಳೆಯದಾದರೂ ಪಾಠಕ್ಕೆ ಈಗಲೂ ಒದಗುತ್ತದೆ. ಅಲ್ಲಿ ಪುಟದ ಪಠ್ಯವನ್ನೂ ರಚನೆಯನ್ನೂ ಹೊತ್ತ ಎಚ್‌ಟಿಎಂಎಲ್ ಒಂದೇ, ಬಣ್ಣ, ಅಳತೆ, ಜೋಡಣೆಗಳನ್ನು ಹೇಳುವ ಶೈಲಿಯ ಕಡತ (ಸಿಎಸ್‌ಎಸ್) ಬದಲಾದಂತೆ ರೂಪ ಗುರುತೇ ಸಿಗದಷ್ಟು ಬದಲಾಗುತ್ತದೆ. ಜಾಲತಾಣಗಳ ಹಳೆಯ ರೂಪಗಳನ್ನು ಕಾದಿಡುವ, ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮಷೀನ್ ಇಲ್ಲದೆ ನಮ್ಮಲ್ಲಿ ಹೊಸ ಕೆಲಸವೇ ಶುರುವಾಗುವುದಿಲ್ಲ. ಕ್ಲೈಂಟಿನ ತಾಣ ವರ್ಷದಿಂದ ವರ್ಷಕ್ಕೆ ಹೇಗಿತ್ತು, ಯಾವುದನ್ನು ಸೇರಿಸಿ ಆಮೇಲೆ ಕೈಬಿಟ್ಟರು ಎಂಬುದನ್ನು ನೋಡಿದರೆ, ಅವರನ್ನು ಏನು ಕೇಳಬೇಕೆಂಬುದು ಸ್ಪಷ್ಟವಾಗುತ್ತದೆ.

ಕಡೆಯದಾಗಿ ಒಂದು ಮನವಿ. ಇವನ್ನೆಲ್ಲ ಕಾಲೇಜಿನ ಪ್ರಯೋಗಾಲಯದ ದೊಡ್ಡ ಪರದೆಯಲ್ಲಿ ಮಾತ್ರ ತೋರಿಸಬೇಡ. ಯಾರದಾದರೂ ಹಳೆಯ, ಕಡಿಮೆ ಬೆಲೆಯ ಫೋನಿನಲ್ಲಿ, ನೆಟ್‌ವರ್ಕ್ ದುರ್ಬಲವಾಗಿರುವ ಕಡೆ ನಿಂತು ತೆರೆಯಲಿ. ಯಾವ ಪುಟ ಎಷ್ಟು ಹೊತ್ತಿಗೆ ಓದಲು ಸಿಕ್ಕಿತು, ಯಾವುದರಲ್ಲಿ ಒತ್ತಕ್ಷರ ಕೆಟ್ಟಿತು ಎಂದು ಪ್ರತಿಯೊಬ್ಬರೂ ಬರೆದಿಟ್ಟುಕೊಳ್ಳಲಿ. ಆ ಟಿಪ್ಪಣಿಗಳನ್ನು ನನಗೆ ಕಳಿಸಿಕೊಡು, ಒಂದೊಂದನ್ನೂ ಓದಿ ಉತ್ತರಿಸುತ್ತೇನೆ.

ನಿನ್ನ,
ರಘು