ಈಲೈ ಮ್ಯಾನಿಂಗ್‌ರನ್ನು ಸೋಲು-ಗೆಲುವಿನ ಲೆಕ್ಕದಲ್ಲೇ ಅಳೆಯಬೇಡಿ

ಸಂಪಾದಕರೇ,

ಅಮೆರಿಕನ್ ಫುಟ್‌ಬಾಲ್‌ನ ಈಲೈ ಮ್ಯಾನಿಂಗ್ ನಿಜಕ್ಕೂ ಎಷ್ಟು ಒಳ್ಳೆಯ ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿ ನಡೆಸಿ ಚೆಂಡು ಎಸೆಯುವ ಆಟಗಾರ) ಆಗಿದ್ದರು? ನಾನಿರುವ ನ್ಯೂ ಜೆರ್ಸಿಯಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೂ ಈ ವಾದ ಶುರುವಾಗುತ್ತದೆ. ಅವರು ಆಡುತ್ತಿದ್ದ ನ್ಯೂಯಾರ್ಕ್ ಜೈಂಟ್ಸ್ ತಂಡದ ಮೈದಾನ ಇರುವುದೇ ನಮ್ಮ ರಾಜ್ಯದಲ್ಲಿ. 2025ರಲ್ಲಿ ಮೊದಲ ಸಲ ಹಾಲ್ ಆಫ್ ಫೇಮ್ (ಶ್ರೇಷ್ಠ ಆಟಗಾರರ ಗೌರವ ಪಟ್ಟಿ) ಆಯ್ಕೆಗೆ ಹೆಸರು ಬಂದು, ಕೈತಪ್ಪಿದ ಮೇಲಂತೂ ವಾದ ಜಾಸ್ತಿಯಾಗಿದೆ.

ಮೊನ್ನೆ ಊಟಕ್ಕೆ ಕೂತಾಗ ಗೆಳೆಯರ ಮಗ ಕೇಳಿದ: "ಅಂಕಲ್, 117 ಗೆಲುವು, 117 ಸೋಲು. ಇದಕ್ಕಿಂತ ಸಾಧಾರಣ ಆಟಗಾರ ಸಿಗ್ತಾನಾ?"

ಆ ಲೆಕ್ಕ ತಂಡದ್ದು. ಚೆಂಡು ಎದುರಾಳಿಗಳ ಕೈಯಲ್ಲಿದ್ದಾಗ ಕ್ವಾರ್ಟರ್‌ಬ್ಯಾಕ್ ಗೆರೆಯಾಚೆ ನಿಂತು ನೋಡಬೇಕು ಅಷ್ಟೆ. 2015ರಲ್ಲಿ ಮ್ಯಾನಿಂಗ್ 35 ಟಚ್‌ಡೌನ್ ಪಾಸ್ (ಅಂಕ ತಂದುಕೊಡುವ ಎಸೆತ) ಎಸೆದರು. ತಂಡ ಗೆದ್ದದ್ದು ಆರೇ ಪಂದ್ಯ, ಸೋತದ್ದು ಹತ್ತು. ಆ ವರ್ಷ ಇಡೀ ಲೀಗಿನಲ್ಲಿ ಎದುರಾಳಿಗಳಿಗೆ ಅತಿ ಹೆಚ್ಚು ಗಜ ಮುನ್ನುಗ್ಗಲು ಬಿಟ್ಟದ್ದು ಜೈಂಟ್ಸ್ ರಕ್ಷಣಾ ಪಡೆ. ಅದಕ್ಕೆ ಇವರೇನು ಮಾಡಬೇಕಿತ್ತು?

ತಪ್ಪುಗಳೂ ಇವೆ, ಮುಚ್ಚಿಡುವುದಿಲ್ಲ. ಒಟ್ಟು 244 ಸಲ ಇವರು ಎಸೆದ ಚೆಂಡು ಎದುರಾಳಿಗಳ ಕೈಸೇರಿದೆ. 2013ರಲ್ಲೇ 27 ಸಲ. ಅಂಥ ಪಂದ್ಯಗಳನ್ನು ನೋಡಿ ನಾನೇ ಟಿವಿ ಆರಿಸಿ ಎದ್ದುಹೋಗಿದ್ದೇನೆ.

ಆದರೆ 2008ರ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ನೆನಪಿಸಿಕೊಳ್ಳಿ. ಎದುರಿಗೆ ಒಂದೂ ಸೋಲದೆ 18 ಪಂದ್ಯ ಗೆದ್ದು ಬಂದಿದ್ದ ಪೇಟ್ರಿಯಟ್ಸ್ ತಂಡ. ಜೈಂಟ್ಸ್ ನಾಲ್ಕು ಅಂಕ ಹಿಂದೆ. ಉಳಿದದ್ದು ಒಂದು ನಿಮಿಷ ಚಿಲ್ಲರೆ. ಇಬ್ಬರು ದಡಿಯರು ಮ್ಯಾನಿಂಗ್ ಅಂಗಿ ಹಿಡಿದು ಜಗ್ಗುತ್ತಿದ್ದಾರೆ. ಹೇಗೋ ಕೊಸರಿಕೊಂಡು ಹಿಂದೆ ಸರಿದು ಎಸೆದರು. ಜೊತೆಯ ಆಟಗಾರ ಡೇವಿಡ್ ಟೈರಿ ಆ ಚೆಂಡನ್ನು ಹೆಲ್ಮೆಟ್ಟಿಗೆ ಒತ್ತಿ ಹಿಡಿದರು. ಎಲ್ಲರೂ ಆ ಹಿಡಿತವನ್ನೇ ಹೊಗಳುತ್ತಾರೆ. ಮೊದಲು ಆ ಕೈಗಳಿಂದ ಬಿಡಿಸಿಕೊಂಡವರು ಯಾರು? ಜೈಂಟ್ಸ್ 17-14ರಲ್ಲಿ ಗೆದ್ದಿತು.

ಅದೃಷ್ಟ ಅನ್ನುವವರಿದ್ದಾರೆ. ಅವರು 2012ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಪಂದ್ಯ ನೋಡಬೇಕು. ಮಳೆ, ಒದ್ದೆ ಹುಲ್ಲು, ಕೆಸರು. ಆರು ಸಲ ಚೆಂಡು ಎಸೆಯುವ ಮೊದಲೇ ಕೆಡವಿದರು. ಎಸೆದ ಮೇಲೆ ಬಿದ್ದ ಹೊಡೆತ ಬೇರೆ. ಪ್ರತಿ ಸಲ ಎದ್ದು ಬಂದು ಮತ್ತೆ ಅದೇ ಜಾಗದಲ್ಲಿ ನಿಂತರು. ಅವತ್ತು ಎಸೆದದ್ದು 58 ಸಲ. ಒಂದೂ ಎದುರಾಳಿ ಕೈಗೆ ಸಿಗಲಿಲ್ಲ. ಹೆಚ್ಚುವರಿ ಸಮಯದಲ್ಲಿ ಗೆದ್ದು, ಎರಡು ವಾರಕ್ಕೆ ಎರಡನೇ ಸೂಪರ್ ಬೌಲ್ ಕೂಡ ಗೆದ್ದರು. ಎರಡೂ ಫೈನಲ್‌ನಲ್ಲಿ ಶ್ರೇಷ್ಠ ಆಟಗಾರ ಅವರೇ.

ಗೆಳೆಯರ ಮಗನಿಗೆ ಸುಮ್ನೆ ಅಂಕಿಗಳನ್ನು ಒಪ್ಪಿಸುವುದು ಬಿಟ್ಟು, ಭಾನುವಾರ ಆ ಸ್ಯಾನ್ ಫ್ರಾನ್ಸಿಸ್ಕೋ ಪಂದ್ಯ ಹಾಕಿ ತೋರಿಸುತ್ತೇನೆ. ಹಾಲ್ ಆಫ್ ಫೇಮ್‌ಗೆ ಮತ ಹಾಕುವವರೂ ಒಮ್ಮೆ ಪೂರ್ತಿ ನೋಡಲಿ.

— ಒಬ್ಬ ಓದುಗ, ಎಡಿಸನ್, ನ್ಯೂ ಜೆರ್ಸಿ