ನೆಲಬಾಂಬ್ ತೆರವು: ಹಣದ ಷರತ್ತು ಬದಲಾಗಲಿ

ಮಾನ್ಯರೇ,

ನೆಲಬಾಂಬ್ ತೆರವಿನ ಸುದ್ದಿಗಳಲ್ಲಿ ಎಷ್ಟು ಚದರ ಮೀಟರ್ ಹಸನಾಯಿತು ಎಂಬ ಲೆಕ್ಕವೇ ಎದ್ದು ಕಾಣುತ್ತದೆ. ಮೊರಾಕ್ಕೊ ಮತ್ತು ಸ್ವಾತಂತ್ರ್ಯ ಕೇಳುವ ಪೊಲಿಸಾರಿಯೊ ಸಂಘಟನೆ ಎರಡೂ ತಮ್ಮದೆನ್ನುವ, ಆಫ್ರಿಕಾದ ಪಶ್ಚಿಮ ಸಹಾರಾದಂಥ ವಿವಾದಿತ ಪ್ರದೇಶದಲ್ಲಿ ಅದಕ್ಕೂ ಮೊದಲು ಕೇಳಬೇಕಾದದ್ದು, ಹಣ ಯಾವ ಷರತ್ತಿನ ಮೇಲೆ ಬರುತ್ತಿದೆ ಎಂದು.

ಮೊರಾಕ್ಕೊ ಕಟ್ಟಿದ ಸುಮಾರು 2,700 ಕಿ.ಮೀ. ಉದ್ದದ ಮರಳುಗೋಡೆಯ ಗುಂಟ ಬಾಂಬುಗಳಿವೆ. ನೆಲಬಾಂಬ್ ನಿಷೇಧಿಸುವ 1997ರ ಒಟ್ಟಾವ ಒಪ್ಪಂದಕ್ಕೆ ಒಳಪಟ್ಟ ದೇಶ ತನ್ನ ಹಿಡಿತದ ನೆಲವನ್ನು ಹತ್ತು ವರ್ಷದೊಳಗೆ ತೆರವು ಮಾಡಬೇಕು. ಮೊರಾಕ್ಕೊ ಅದಕ್ಕೆ ಸೇರಿಲ್ಲ. ಒಪ್ಪಂದ ದೇಶಗಳಿಗಷ್ಟೇ ಆದ್ದರಿಂದ ಪೊಲಿಸಾರಿಯೊಗೆ ಸೇರುವ ದಾರಿಯೇ ಇಲ್ಲ. ಅದು 2005ರಲ್ಲಿ, ಸರ್ಕಾರೇತರ ಸಶಸ್ತ್ರ ಗುಂಪುಗಳಿಂದ ನೆಲಬಾಂಬ್ ಬಿಡುವ ಮಾತು ಪಡೆಯುವ ಜಿನೀವಾ ಕಾಲ್ ಸಂಸ್ಥೆಯ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿ, 2019ರ ಜನವರಿ ಹೊತ್ತಿಗೆ ತನ್ನ ದಾಸ್ತಾನಿನ 20,000ಕ್ಕೂ ಹೆಚ್ಚು ಬಾಂಬುಗಳನ್ನು ನಾಶಪಡಿಸಿತು. ಗೋಡೆಯ ಪೂರ್ವಕ್ಕೆ ನಡೆಯುತ್ತಿದ್ದ ತೆರವಿಗೆ ವಿಶ್ವಸಂಸ್ಥೆಯ ಶಾಂತಿಪಾಲನಾ ಬಜೆಟ್ಟೇ ದೊಡ್ಡ ಆಸರೆ. 2020ರ ನವೆಂಬರ್‌ನಲ್ಲಿ ಕದನವಿರಾಮ ಮುರಿಯಿತು, ತೆರವೂ ನಿಂತಿತು.

ಅರ್ಮೇನಿಯಾ-ಅಜರ್‌ಬೈಜಾನ್ ನಡುವೆ ವಿವಾದಕ್ಕೊಳಗಾಗಿದ್ದ ನಾಗೊರ್ನೊ-ಕಾರಾಬಾಖ್‌ನಲ್ಲಿ ಹಣದ ಷರತ್ತೇ ಅಡ್ಡಿಯಾಗಿತ್ತು. ಅಮೆರಿಕದ ವಿದೇಶಿ ನೆರವು ಸಂಸ್ಥೆ ಯುಎಸ್‌ಏಡ್‌ನ ಹಣವನ್ನು ಸೋವಿಯತ್ ಕಾಲದ ಸ್ವಾಯತ್ತ ಪ್ರಾಂತ್ಯದ ಗೆರೆಯೊಳಗೆ ಮಾತ್ರ ಬಳಸಬಹುದಿತ್ತು. ಗೆರೆಯಾಚೆಯ ಹೊಲಗಳಿಗೆ ಬಾಂಬ್ ತೆರವಿನ ಸಂಸ್ಥೆ ಹ್ಯಾಲೋ ಟ್ರಸ್ಟ್ ಖಾಸಗಿ ದಾನಿಗಳನ್ನು ಹುಡುಕಬೇಕಾಯಿತು.

ಹಣ ತಡೆದು ತಡೆದು ಬಂದರೆ ಏನು ಕೆಡುತ್ತದೆ ಎಂಬುದು ಕೆಲಸದ ರೀತಿ ಗೊತ್ತಿದ್ದರೆ ಅರ್ಥವಾಗುತ್ತದೆ. ಒಬ್ಬ ಕೆಲಸಗಾರನಿಗೆ ಸುಮಾರು ಒಂದು ಮೀಟರ್ ಅಗಲದ ಪಟ್ಟಿ. ಬೆಳಿಗ್ಗೆ ಮಾದರಿ ಲೋಹದ ತುಣುಕನ್ನು ಅದೇ ಮಣ್ಣಿನಲ್ಲಿ ಹೂತು, ಶೋಧಕ ಯಂತ್ರ ಹಿಡಿಯುತ್ತದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಹೆಜ್ಜೆ ಮುಂದಿಡುವುದು. ಸದ್ದು ಬಂದರೆ ನೇರ ಮೇಲಿಂದ ಅಗೆಯುವಂತಿಲ್ಲ. ಸ್ವಲ್ಪ ದೂರದಿಂದಲೇ ಆರಂಭಿಸಿ ಪಕ್ಕದಿಂದ ಮಣ್ಣು ಕೆರೆಯುತ್ತ ಬರಬೇಕು, ಏಕೆಂದರೆ ಬಾಂಬಿನ ನೆತ್ತಿಯ ಮೇಲೆ ಒತ್ತಡ ಬಿದ್ದರೆ ಅದು ಸಿಡಿಯುತ್ತದೆ. ಬಹುಪಾಲು ಸದ್ದು ಗುಂಡಿನ ಚೂರಿನದೋ ಮೊಳೆಯದೋ ಆಗಿರುತ್ತದೆ, ಆದರೂ ಪ್ರತಿಯೊಂದನ್ನೂ ಬಾಂಬೆಂದೇ ಭಾವಿಸಿ ಅಗೆಯಬೇಕು. ಪ್ಲಾಸ್ಟಿಕ್ ಹೊದಿಕೆಯವುಗಳಲ್ಲಿ ಲೋಹ ಅತ್ಯಲ್ಪ. ಅವುಗಳ ಮೇಲೆ ಮರಳು ದಿಬ್ಬ ಸರಿದು ಕೂತರೆ ಯಂತ್ರಕ್ಕೆ ಸಿಗುವುದಿಲ್ಲ. ಮೊದಲು ಕವಚವಿರುವ ಯಂತ್ರದಿಂದ ಮರಳು ಸರಿಸಬೇಕು. ವೈದ್ಯಕೀಯ ಸಹಾಯಕ, ಆಂಬುಲೆನ್ಸ್ ಇಲ್ಲದ ದಿನ ಕೆಲಸ ಶುರುವಾಗುವುದೇ ಇಲ್ಲ.

ಇಷ್ಟು ಪಳಗಿದ ತಂಡ ಅನುದಾನ ಮುಗಿದ ದಿನ ಚದುರುತ್ತದೆ. ಮುಂದಿನ ಕಂತು ಬಂದಾಗ ವಾರಗಟ್ಟಲೆ ತರಬೇತಿ, ಹೊಸ ವಿಮೆ, ಯಂತ್ರ ತರಿಸಲು ಹೊಸ ಪರವಾನಗಿ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದಾಗ ಹಲವು ದೇಶಗಳ ತಂಡಗಳು ಏಕಾಏಕಿ ಕೈಕಟ್ಟಿ ಕೂರಬೇಕಾಯಿತು. ಚದರ ಮೀಟರ್ ಲೆಕ್ಕಕ್ಕೇ ಹಣ ಕೊಡುವುದು ಇನ್ನೂ ಕೆಟ್ಟದ್ದು. ಬಾಂಬೇ ಇಲ್ಲದ ಸಲೀಸು ಬಯಲು ಬೇಗ ಮುಗಿಯುತ್ತದೆ. ಬಾವಿಯ ದಾರಿ, ಕುರಿ-ಒಂಟೆ ಮೇಯುವ ಕಣಿವೆ ಹಾಗೇ ಉಳಿಯುತ್ತದೆ. ಆದ್ದರಿಂದ ಮೊದಲ ಹಣ ಬಾಂಬ್ ಎಲ್ಲಿದೆ ಎಂದು ಗುರುತಿಸುವ ಸಮೀಕ್ಷೆಗೆ ಹೋಗಲಿ.

ಹಣ ಕೊಟ್ಟರೆ ಅಲ್ಲಿನ ಆಡಳಿತಕ್ಕೆ ಮಾನ್ಯತೆ ಕೊಟ್ಟಂತಾದೀತು ಎಂಬ ದಾನಿಗಳ ಅಳುಕಿಗೂ ಪರಿಹಾರವಿದೆ. ನಕ್ಷೆಯ ಗಡಿ, ಹೆಸರುಗಳು ಮಾನ್ಯತೆಯ ಸೂಚಕವಲ್ಲ ಎಂದು ವಿಶ್ವಸಂಸ್ಥೆ ತನ್ನ ನಕ್ಷೆಗಳಡಿ ಬರೆಯುತ್ತದೆ. ಅಂಥದೇ ಒಂದು ಸಾಲು ಅನುದಾನದ ಕರಾರಿನಲ್ಲೂ ಸಾಕು. ಅವಧಿ ಕನಿಷ್ಠ ಮೂರು ವರ್ಷವಿರಲಿ. ಕಾಳಗ ಮರುಕಳಿಸಿ ತೆರವು ನಿಂತರೂ ಅಪಾಯದ ಫಲಕ, ಮಕ್ಕಳಿಗೆ ಎಚ್ಚರಿಕೆಯ ಪಾಠ, ಗಾಯಾಳುಗಳ ಕೃತಕ ಕಾಲು ನಿಲ್ಲದಂತೆ ಅವಕ್ಕೆ ಬೇರೆಯೇ ನಿಧಿ ಇಡಬೇಕು.